ಸ್ನಾಯುವಿನಿಂದ ಮಿದುಳಿಗೆ ಒಂದು ಹಾದಿ

ಕೈಕಾಲು ಸ್ವಾಧೀನ ತಪ್ಪಿದರೆ ನರಕ್ಕೇ ಪೆಟ್ಟು ಬಿದ್ದಿದೆ ಎಂದು ಭಾವಿಸುವುದು ಸಹಜ. ಅದು ಯಾವಾಗಲೂ ನಿಜವಲ್ಲ ಎಂದು ತೋರಿಸಿದ್ದು ಪುಟ್ಟ ಇಲಿಮರಿಗಳು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕಾಕ್ಸಾಕಿ ಪಟ್ಟಣದಲ್ಲಿ ಪೋಲಿಯೊದಂಥ ಕಾಯಿಲೆಯಾಗಿದ್ದ ಮಕ್ಕಳ ಮಲದಿಂದ ಗಿಲ್ಬರ್ಟ್ ಡಾಲ್‌ಡಾರ್ಫ್ ಮತ್ತು ಗ್ರೇಸ್ ಸಿಕಲ್ಸ್ ಬೇರ್ಪಡಿಸಿದ ಹೊಸ ವೈರಸ್‌ನ ವರದಿ 1948ರಲ್ಲಿ ಪ್ರಕಟವಾಯಿತು. ಹಾಲು ಕುಡಿಯುವ ಇಲಿಮರಿಗಳಿಗೆ ಅದನ್ನು ಚುಚ್ಚಿದರೆ ಅವುಗಳ ಕೈಕಾಲು ಜೋತುಬೀಳುತ್ತಿದ್ದವು. ಕೆಟ್ಟಿದ್ದದ್ದು ಬೆನ್ನುಹುರಿಯಲ್ಲ, ಸ್ನಾಯುಗಳೇ! ಮುಂದೆ ಪತ್ತೆಯಾದ ಅದರ ದಾಯಾದಿಗಳು, ಅಂದರೆ 'ಬಿ' ಗುಂಪಿನ ಕಾಕ್ಸಾಕಿ ವೈರಸ್‌ಗಳು, ಇಲಿಮರಿಗಳ ಮಿದುಳನ್ನೂ ಕೆಡಿಸಿದವು. ಮನುಷ್ಯರಲ್ಲಿ ಇದೇ ಗುಂಪು ಒಮ್ಮೆ ಎದೆ, ಹೊಟ್ಟೆಯ ಸ್ನಾಯುಗಳನ್ನು ಹಿಂಡುವ ನೋವಾಗಿ, ಒಮ್ಮೆ ಮಿದುಳುಪೊರೆಯ ಉರಿಯೂತವಾಗಿ ಕಾಣಿಸಿಕೊಳ್ಳುತ್ತದೆ.

ರೇಬಿಸ್ ವೈರಸ್‌ಗಂತೂ ಸ್ನಾಯುವೇ ಹೆಬ್ಬಾಗಿಲು. ಕಚ್ಚಿದ ಗಾಯದ ಸ್ನಾಯುವಿನಲ್ಲಿ ಅದು ಸದ್ದಿಲ್ಲದೆ ಸಂಖ್ಯೆ ಹೆಚ್ಚಿಸಿಕೊಳ್ಳಬಲ್ಲದು. ನರದ ತುದಿ ಸ್ನಾಯುವನ್ನು ಸೇರುವ ಸಂಧಿಯಲ್ಲಿ, ನರದ ಸಂದೇಶವನ್ನು ಸ್ನಾಯು ಪಡೆಯುವ ಅಸಿಟೈಲ್‌ಕೋಲಿನ್ ಗ್ರಾಹಕಗಳಿವೆ. ನಾವು ಬೆರಳು ಮಡಚುವುದಕ್ಕೂ ಅವೇ ಬೇಕು. ವೈರಸ್ ಅವುಗಳಿಗೆ ಅಂಟಿಕೊಳ್ಳುತ್ತದೆ, ನರತಂತುವಿನೊಳಗೆ ನುಸುಳುತ್ತದೆ, ಜೀವಕೋಶ ತನ್ನ ಸರಕು ಸಾಗಿಸಲು ಇಟ್ಟುಕೊಂಡ ವ್ಯವಸ್ಥೆಯನ್ನೇ ಏರಿ ಬೆನ್ನುಹುರಿ ದಾಟಿ ಮಿದುಳು ತಲುಪುತ್ತದೆ. ಈ ಪಯಣಕ್ಕೆ ಸಾಮಾನ್ಯವಾಗಿ ವಾರಗಳು, ತಿಂಗಳುಗಳು ಹಿಡಿಯುತ್ತವೆ. ಕಚ್ಚಿದ ಮೇಲೆ ಹಾಕುವ ಲಸಿಕೆಗೆ ಜೀವ ಉಳಿಸುವ ಅವಕಾಶ ಸಿಗುವುದು ಈ ನಿಧಾನದಿಂದಲೇ. ಗಾಯವನ್ನು ತಕ್ಷಣ ಸೋಪು, ನೀರಿನಿಂದ 15 ನಿಮಿಷ ತೊಳೆಯಬೇಕೆನ್ನುವುದೂ ವೈರಸ್ ನರ ಹತ್ತುವ ಮುನ್ನವೇ ಅದನ್ನು ತಡೆಯಲಿಕ್ಕೆ. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕಿದವರು ತೀರಾ ವಿರಳ.

ಪೋಲಿಯೊ ಹಾವಳಿಯ ದಿನಗಳಲ್ಲಿ, ಚುಚ್ಚುಮದ್ದು ಕೊಟ್ಟ ಕಾಲಿಗೇ ಪಾರ್ಶ್ವವಾಯು ಬಡಿಯುವುದನ್ನು ವೈದ್ಯರು ಗಮನಿಸಿದ್ದರು. ಗಾಯಗೊಂಡ ಸ್ನಾಯುವಿನ ನರದಲ್ಲಿ ವೈರಸ್‌ನ ಸಾಗಣೆ ಚುರುಕಾಗುತ್ತದೆ ಎಂಬುದು ಇಲಿಗಳ ಮೇಲಿನ ಪ್ರಯೋಗದಲ್ಲಿ ಮುಂದೆ ಕಂಡುಬಂತು.

ಇನ್‌ಫ್ಲುಯೆಂಜಾ ಕೂಡ ಅಪರೂಪಕ್ಕೆ ಮಿದುಳನ್ನು ಕಾಡುತ್ತದೆ. ಆದರೆ ಹೆತ್ತವರನ್ನು ಕಂಗೆಡಿಸುವುದು ಅದರ ಇನ್ನೊಂದು ಮುಖ: ಜ್ವರ ಇಳಿಯುತ್ತಿರುವಾಗ ಮಗು ಒಂದು ಬೆಳಗ್ಗೆ ನಡೆಯಲೊಲ್ಲೆ ಎನ್ನುತ್ತದೆ. ಮೀನಖಂಡ ಮುಟ್ಟಿದರೆ ಚೀರುತ್ತದೆ. ರಕ್ತದಲ್ಲಿ ಕ್ರಿಯಾಟಿನ್ ಕೈನೇಸ್ ಎಂಬ ಸ್ನಾಯುವಿನ ಕಿಣ್ವ ಏರಿರುತ್ತದೆ, ಅಂದರೆ ಸ್ನಾಯುಕೋಶಗಳು ಒಡೆದಿವೆ. ಮೊಣಕಾಲಿಗೆ ತಟ್ಟಿದಾಗ ಕಾಲು ಚಿಮ್ಮುವ ಪ್ರತಿವರ್ತನೆ ಸರಿಯಿದ್ದರೆ, ಪೆಟ್ಟು ನರಕ್ಕಲ್ಲ ಎಂದು ವೈದ್ಯರ ಆತಂಕ ಅರ್ಧ ಇಳಿಯುತ್ತದೆ. ಹೆಚ್ಚಿನ ಮಕ್ಕಳು ವಾರದೊಳಗೆ ಓಡಾಡುತ್ತಾರೆ. ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ ಮಾತ್ರ ಒಂದು ಗಂಟೆಯೂ ಕಾಯಬಾರದು: ಒಡೆದ ಸ್ನಾಯುವಿನ ಮಯೋಗ್ಲೋಬಿನ್ ಎಂಬ ಪ್ರೋಟೀನ್ ಆಗಲೇ ಮೂತ್ರಪಿಂಡವನ್ನು ತಲುಪಿರುತ್ತದೆ.