ದಪ್ಪ ಕೋಟು ಎಲ್ಲಿಂದ ಬಂತು?

2005ರ ಜುಲೈ 22, ಶುಕ್ರವಾರ. ಬೆಳಿಗ್ಗೆ ಹತ್ತು ಗಂಟೆ ಆಗಷ್ಟೇ ದಾಟಿತ್ತು. ದಕ್ಷಿಣ ಲಂಡನ್ನಿನ ಸ್ಟಾಕ್‌ವೆಲ್ ನಿಲ್ದಾಣದಲ್ಲಿ ನಿಂತಿದ್ದ ಸುರಂಗ ರೈಲಿನ ಬೋಗಿಗೆ ಪೊಲೀಸರು ನುಗ್ಗಿದರು. ಸೀಟಿನಲ್ಲಿ ಕೂತಿದ್ದ ಒಬ್ಬ ಯುವಕನನ್ನು ಎಲ್ಲರ ಕಣ್ಣೆದುರೇ ಗುಂಡಿಟ್ಟು ಕೊಂದರು. ಸ್ವಲ್ಪ ಹೊತ್ತಿಗೆಲ್ಲ ಪ್ರತ್ಯಕ್ಷದರ್ಶಿಗಳ ಮಾತು ಟಿವಿಯಲ್ಲಿ ಬರತೊಡಗಿತು. ಆತ ದಪ್ಪನೆಯ ಕೋಟು ಹಾಕಿದ್ದ, ಬೇಸಿಗೆಯಲ್ಲಿ ಅಂಥ ಕೋಟು ಯಾರು ಹಾಕುತ್ತಾರೆ ಎಂದರು ಒಬ್ಬರು. ಸೊಂಟಕ್ಕೆ ಬೆಲ್ಟು ಇತ್ತು, ಅದರಿಂದ ವೈರುಗಳು ಹೊರಗೆ ಬಂದಿದ್ದವು ಎಂದರು ಇನ್ನೊಬ್ಬರು. ಟಿಕೆಟ್ ಗೇಟು ಹಾರಿ ಓಡಿಬಂದ ಎಂಬ ಸುದ್ದಿಯೂ ಹಬ್ಬಿತು.

ಸತ್ತವನ ಹೆಸರು ಜೀನ್ ಚಾರ್ಲ್ಸ್ ಡಿ ಮೆನೆಜೆಸ್. 27 ವರ್ಷ. ಬ್ರೆಜಿಲ್‌ನವನು, ಎಲೆಕ್ಟ್ರಿಷಿಯನ್. ಕೆಲಸಕ್ಕೆ ಹೊರಟಿದ್ದ, ಅಷ್ಟೇ. ನಿಲ್ದಾಣದ ಸಿಸಿಟಿವಿಯಲ್ಲಿ ಅವನು ಬರುವುದು ಕಾಣುತ್ತದೆ. ಹಾಕಿಕೊಂಡಿರುವುದು ತೆಳುವಾದ ಡೆನಿಮ್ ಜಾಕೆಟ್ಟು. ಪುಕ್ಕಟೆ ಹಂಚುವ ಪತ್ರಿಕೆಯ ಒಂದು ಪ್ರತಿ ಎತ್ತಿಕೊಳ್ಳುತ್ತಾನೆ. ಕಾರ್ಡು ಮುಟ್ಟಿಸಿ ಗೇಟು ದಾಟುತ್ತಾನೆ. ಎಸ್ಕಲೇಟರಿನಲ್ಲಿ ಕೆಳಗಿಳಿಯುತ್ತಾನೆ. ರೈಲು ನಿಂತಿರುವುದನ್ನು ಕಂಡು ಕೊನೆಯಲ್ಲಿ ನಾಲ್ಕು ಹೆಜ್ಜೆ ಓಡಿದ್ದುಂಟು. ಕೋಟೂ ಇಲ್ಲ, ಬೆಲ್ಟೂ ಇಲ್ಲ, ವೈರೂ ಇಲ್ಲ.

ಹಾಗಾದರೆ ಸಾಕ್ಷಿಗಳು ಸುಳ್ಳು ಹೇಳಿದರೇ? ಹಾಗೆ ಅಂದುಬಿಡುವುದು ಸುಲಭ. ಆದರೆ ಅದೇ ಕೋಟಿನ ಸಾಕ್ಷಿ ಇನ್ನೇನು ಹೇಳಿದ್ದರು ನೋಡಿ. ಆತನನ್ನು ಕೆಡವಿ ಅದುಮಿ ಹಿಡಿದರು, ತೀರಾ ಹತ್ತಿರದಿಂದ ಗುಂಡು ಹೊಡೆದರು, ಐದು ಗುಂಡು. ಹತ್ತಿರದಿಂದ ಹೊಡೆದದ್ದು ನಿಜ. ಒಬ್ಬ ಪೊಲೀಸ್ ಅವನನ್ನು ತಬ್ಬಿ ಅದುಮಿ ಹಿಡಿದಿದ್ದೂ ನಿಜ. ತಗುಲಿದ ಗುಂಡು ಎಂಟು, ಅದರಲ್ಲಿ ಏಳು ತಲೆಗೆ. ಅಂದರೆ ಎಣಿಕೆ ತಪ್ಪು, ಆದರೆ ಒಂದಕ್ಕಿಂತ ಜಾಸ್ತಿ ಗುಂಡು ಅನ್ನುವುದು ಸರಿ. ಕೋಟು ಮಾತ್ರ ಪೂರ್ತಿ ತಪ್ಪು. ಒಬ್ಬನೇ ಮನುಷ್ಯ, ಒಂದೇ ನಿಮಿಷದ ಮಾತು. ಅದರಲ್ಲಿ ಒಂದು ವಾಕ್ಯ ಸರಿ, ಒಂದು ಅರ್ಧ ಸರಿ, ಒಂದು ತಪ್ಪು.

ಇಂಥ ಪ್ರಕರಣ ಬಂದಾಗ ನಾವೆಲ್ಲ ಮೊದಲು ಕೇಳುವುದು "ಯಾರನ್ನು ನಂಬೋದು?" ಅಂತ. ನನಗೆ ಆ ಪ್ರಶ್ನೆಯೇ ಸರಿಯಿಲ್ಲ ಅನ್ನಿಸುತ್ತದೆ. ಯಾವ ಮಾತನ್ನು ನಂಬೋದು, ಆ ಮಾತು ಅವರ ತಲೆಯೊಳಗೆ ಬಂದ ದಾರಿ ಯಾವುದು ಎಂದು ಕೇಳಬೇಕು. ನೆನಪಿನ ಬಗ್ಗೆ ವಿಜ್ಞಾನ ಕಂಡುಕೊಂಡಿದ್ದೂ ಬಹುಪಾಲು ಈ ದಾರಿಗಳನ್ನೇ.

ಮೊದಲು ಕೋಟಿನ ದಾರಿ ಹಿಡಿಯೋಣ. ಎರಡು ವಾರದ ಹಿಂದೆ, ಜುಲೈ 7ರಂದು, ಲಂಡನ್ನಿನ ಮೂರು ರೈಲು ಮತ್ತು ಒಂದು ಬಸ್ಸಿನಲ್ಲಿ ಬಾಂಬು ಸಿಡಿದು 52 ಜನ ಸತ್ತಿದ್ದರು. ಹಿಂದಿನ ದಿನ, ಜುಲೈ 21ಕ್ಕೆ, ಮತ್ತೆ ನಾಲ್ಕು ಬಾಂಬು ಇಟ್ಟಿದ್ದರು. ಅವು ಸರಿಯಾಗಿ ಸಿಡಿಯಲಿಲ್ಲ, ಇಟ್ಟವರು ತಪ್ಪಿಸಿಕೊಂಡಿದ್ದರು. ಅವರಲ್ಲೊಬ್ಬ ಇವನಿರಬಹುದು ಎಂದೇ ಪೊಲೀಸರು ಮೆನೆಜೆಸ್‌ನನ್ನು ಹಿಂಬಾಲಿಸಿದ್ದರು. ಆ ಬೆಳಿಗ್ಗೆ ರೈಲು ಹತ್ತಿದ ಪ್ರತಿಯೊಬ್ಬರ ತಲೆಯಲ್ಲೂ ಆತ್ಮಾಹುತಿ ಬಾಂಬರ್ ಹೀಗಿರುತ್ತಾನೆ ಎಂಬ ಒಂದು ಚಿತ್ರ ಇತ್ತು. ದಪ್ಪ ಕೋಟು, ಒಳಗೆ ಬೆಲ್ಟು, ವೈರು. ಕಣ್ಣ ಮುಂದೆ ಕೆಲವೇ ಸೆಕೆಂಡಿನ ಗೊಂದಲ ನಡೆದಾಗ ಮನಸ್ಸು ಕಂಡದ್ದನ್ನಷ್ಟೇ ಇಟ್ಟುಕೊಳ್ಳುವುದಿಲ್ಲ. ಕಾಣದೆ ಉಳಿದ ಜಾಗವನ್ನು ಗೊತ್ತಿದ್ದ ಚಿತ್ರದಿಂದ ತುಂಬಿಸುತ್ತದೆ.

ಇನ್ನೊಂದು ದಾರಿಯೂ ಇದೆ. ಅವತ್ತು ನಿಲ್ದಾಣದಲ್ಲಿ ನಿಜಕ್ಕೂ ಓಡಿದವರು, ಗೇಟು ಹಾರಿದವರು ಇದ್ದರು. ಬೆನ್ನಟ್ಟಿ ಬಂದ ಪೊಲೀಸರು! ಅವರು ಸಮವಸ್ತ್ರದಲ್ಲಿ ಇರಲಿಲ್ಲ. ನೋಡಿದವರಿಗೆ ಯಾರು ಪೊಲೀಸ್, ಯಾರು ಪ್ರಯಾಣಿಕ ಎಂದು ಹೇಗೆ ಗೊತ್ತಾಗಬೇಕು? ಗೇಟು ಹಾರಿದ ಆಕೃತಿ ಒಬ್ಬನದು, ಕೆಳಗೆ ಬಿದ್ದ ದೇಹ ಇನ್ನೊಬ್ಬನದು. ನೆನಪು ಎರಡನ್ನೂ ಸೇರಿಸಿ ಒಬ್ಬನನ್ನೇ ಮಾಡಿಬಿಡುತ್ತದೆ. ಪ್ರಯೋಗಾಲಯದಲ್ಲೂ ಇದು ಮತ್ತೆ ಮತ್ತೆ ಕಂಡುಬಂದಿದೆ. ನೋಡಿದ ತುಣುಕುಗಳು ಸರಿಯಾಗಿಯೇ ಉಳಿಯುತ್ತವೆ, ಯಾವ ತುಣುಕು ಯಾರದು ಎಂಬ ಗಂಟು ಮಾತ್ರ ಸಡಿಲವಾಗುತ್ತದೆ.

ಜುಲೈ 7ರ ಬಸ್ ಸ್ಫೋಟದ ಬಗ್ಗೆ ಬ್ರಿಟನ್ನಿನ ಮನಶ್ಶಾಸ್ತ್ರಜ್ಞರು ಆಮೇಲೆ ಒಂದು ಅಧ್ಯಯನ ಮಾಡಿದರು. ಬಸ್ಸು ಸಿಡಿಯುವ ಸಿಸಿಟಿವಿ ದೃಶ್ಯ ನೋಡಿದ್ದೀರಾ ಎಂದು ಜನರನ್ನು ಕೇಳಿದರು. ಅಂಥ ದೃಶ್ಯ ಟಿವಿಯಲ್ಲಿ ಬಂದೇ ಇರಲಿಲ್ಲ. ಆದರೂ ಬ್ರಿಟನ್ನಿನವರಲ್ಲಿ ಸುಮಾರು 40 ಪ್ರತಿಶತ ಮಂದಿ ಹೌದು, ನೋಡಿದ್ದೇವೆ ಎಂದರು. ದೂರದ ಸ್ವೀಡನ್‌ನಲ್ಲಿ ಹಾಗೆ ಹೇಳಿದವರು 16 ಪ್ರತಿಶತ. ಸುದ್ದಿಗೆ ಹತ್ತಿರ ಇದ್ದವರಿಗೇ ಇಲ್ಲದ ದೃಶ್ಯ ಜಾಸ್ತಿ ಕಂಡಿತ್ತು!

ಸ್ಟಾಕ್‌ವೆಲ್‌ನಲ್ಲಿ ಕೋಟಿಗೆ ಬೆಂಬಲವೂ ಬೇಗ ಸಿಕ್ಕಿತು. "ಆತನ ಬಟ್ಟೆ ಮತ್ತು ನಿಲ್ದಾಣದಲ್ಲಿ ಆತನ ನಡವಳಿಕೆ ಅನುಮಾನ ಹೆಚ್ಚಿಸಿತು" ಎಂಬ ಅರ್ಥದ ಹೇಳಿಕೆಯನ್ನು ಪೊಲೀಸರು ಅದೇ ದಿನ ಕೊಟ್ಟರು. ಸಾಕ್ಷಿಯ ಕಿವಿಗೆ ಇದು ಬಿದ್ದರೆ ಏನಾಗುತ್ತದೆ? 1998ರಲ್ಲಿ ಅಮೆರಿಕದ ಗ್ಯಾರಿ ವೆಲ್ಸ್ ಮತ್ತು ಏಮಿ ಬ್ರಾಡ್‌ಫೀಲ್ಡ್ ಇದನ್ನು ಪರೀಕ್ಷಿಸಿದ್ದರು. ಮಸುಕಾದ ವಿಡಿಯೊದಲ್ಲಿ ಒಬ್ಬ ಬಂದೂಕುಧಾರಿಯನ್ನು ತೋರಿಸಿ, ಆಮೇಲೆ ಫೋಟೊಗಳ ಸಾಲಿನಿಂದ ಅವನನ್ನು ಆರಿಸಲು ಹೇಳಿದರು. ಸಾಲಿನಲ್ಲಿ ಅವನು ಇರಲೇ ಇಲ್ಲ. ಎಲ್ಲರೂ ತಪ್ಪು ಮನುಷ್ಯನನ್ನೇ ತೋರಿಸಿದರು. ಕೆಲವರಿಗೆ ಮಾತ್ರ "ಒಳ್ಳೇದು, ಸರಿಯಾಗಿ ಗುರುತಿಸಿದಿರಿ" ಅಂದರು. ಅಷ್ಟು ಸಾಕಾಯಿತು. ಅವರು ತಮಗೆ ಮೊದಲಿನಿಂದಲೂ ಖಚಿತವಿತ್ತು ಎಂದರು, ಮುಖ ಚೆನ್ನಾಗಿಯೇ ಕಂಡಿತ್ತು ಎಂದೂ ಹೇಳಿದರು. ಸಾಕ್ಷಿ ಎಷ್ಟು ಗಟ್ಟಿಯಾಗಿ ಹೇಳುತ್ತಾನೆ ಎಂಬುದನ್ನು ನೋಡುವ ಮೊದಲು, ನಡುವೆ ಯಾರು ಅವನ ಬೆನ್ನು ತಟ್ಟಿದರು ಎಂದು ನೋಡಬೇಕು.

ತಪ್ಪು ಮಾತು ಕಾಗದಕ್ಕೆ ಇಳಿದ ಬಗೆ ಇನ್ನೂ ವಿಚಿತ್ರ. ಗೇಟು ಹಾರಿದ, ಮೆಟ್ಟಿಲಿನಲ್ಲಿ ಓಡಿದ ಎಂಬ ವಿವರ ಮರಣೋತ್ತರ ಪರೀಕ್ಷೆಯ ವರದಿಯಲ್ಲಿ ಕೂಡ ಸೇರಿಕೊಂಡಿತು. ಶವ ಕೊಯ್ದು ನೋಡಿದರೆ ಗೇಟು ಹಾರಿದ್ದು ಗೊತ್ತಾಗುತ್ತದೆಯೇ? ಬೇರೆಯವರು ಹೇಳಿದ್ದನ್ನು ಹಿನ್ನೆಲೆಯಾಗಿ ಬರೆದುಕೊಂಡದ್ದು ಅದು. ಆದರೆ ಆಮೇಲೆ ಓದುವವನಿಗೆ ಅದು ವೈದ್ಯರ ಮಾತು. ಪ್ರಯಾಣಿಕರು ಹೇಳಿದ್ದಾರೆ, ಪೊಲೀಸರು ಹೇಳಿದ್ದಾರೆ, ವೈದ್ಯರು ಬರೆದಿದ್ದಾರೆ, ಮೂರು ಕಡೆಯಿಂದ ಒಂದೇ ಮಾತು ಅಲ್ವಾ ಎನ್ನಿಸುತ್ತದೆ. ಎಣಿಸಿದರೆ ಮೂರು, ಹುಡುಕಿದರೆ ಬೇರು ಒಂದೇ. ಆಗಸ್ಟ್ ಮಧ್ಯದಲ್ಲಿ ತನಿಖೆಯ ಕಾಗದಗಳು ಸೋರಿ ಐಟಿವಿ ವಾಹಿನಿಯಲ್ಲಿ ಬಂದ ಮೇಲೆಯೇ ಡೆನಿಮ್ ಜಾಕೆಟ್ಟಿನ ಸಂಗತಿ ಜನಕ್ಕೆ ತಿಳಿಯಿತು.

ಇಷ್ಟು ಓದಿದವರಿಗೆ ಪ್ರತ್ಯಕ್ಷದರ್ಶಿಗಳನ್ನು ನಂಬಲೇಬಾರದು ಅನ್ನಿಸಬಹುದು. ಅವಸರ ಬೇಡ. ಇದೇ ಪ್ರಕರಣದಲ್ಲಿ ಇದೇ ಪ್ರಯಾಣಿಕರ ಮಾತೇ ಕೊನೆಗೆ ತೂಕ ಪಡೆಯಿತು.

ಬೋಗಿಯೊಳಗಿನ ಆ ಕೆಲವು ಸೆಕೆಂಡಿಗೆ ಕ್ಯಾಮೆರಾ ದಾಖಲೆ ಇಲ್ಲ. ಇರುವುದು ಜನರ ಮಾತು ಮಾತ್ರ. ಗುಂಡು ಹಾರಿಸಿದ ಇಬ್ಬರು ಅಧಿಕಾರಿಗಳನ್ನು ದಾಖಲೆಗಳಲ್ಲಿ ಸಿ2, ಸಿ12 ಎಂದು ಕರೆದಿದ್ದಾರೆ. "ಆರ್ಮ್‌ಡ್ ಪೊಲೀಸ್" ಎಂದು ಕೂಗಿದೆ, ಆತ ಎದ್ದು ನನ್ನತ್ತ ಬಂದ, ಆಗ ಹೊಡೆದೆ ಎಂದು ಸಿ12 ಹೇಳಿದರು. 2008ರ ವಿಚಾರಣೆಯಲ್ಲಿ ಬೋಗಿಯಲ್ಲಿದ್ದ 17 ಪ್ರಯಾಣಿಕರು ಸಾಕ್ಷಿ ನುಡಿದರು. ಒಬ್ಬರೂ ಆ ಎರಡು ಶಬ್ದ ಕೇಳಿದ ನೆನಪಿದೆ ಎನ್ನಲಿಲ್ಲ.

ಕೇಳಿಸಲಿಲ್ಲ ಎನ್ನುವುದು ಸಾಕ್ಷ್ಯವೇ? ಒಬ್ಬರ ಮಟ್ಟಿಗೆ ದುರ್ಬಲ ಸಾಕ್ಷ್ಯ. ಪತ್ರಿಕೆ ಓದುತ್ತಿದ್ದಿರಬಹುದು, ಕಿವಿಗೆ ಇಯರ್‌ಫೋನು ಇದ್ದಿರಬಹುದು. ಸರಿ, ಒಬ್ಬ ಪ್ರಯಾಣಿಕ ಆ ಕೂಗನ್ನು ಕೇಳದೇ ಹೋಗುವ ಸಾಧ್ಯತೆ ಅರ್ಧಕ್ಕರ್ಧ ಅಂತಿಟ್ಟುಕೊಳ್ಳೋಣ. ಪ್ರತಿಯೊಬ್ಬರೂ ತಮ್ಮ ಪಾಡಿಗೆ ತಾವಿದ್ದರೆ, 17 ಮಂದಿಗೂ ಕೇಳದೇ ಹೋಗುವ ಸಾಧ್ಯತೆ 1,31,072ರಲ್ಲಿ ಒಂದು. ಆದರೆ ಈ ಲೆಕ್ಕದಲ್ಲಿ ಒಂದು ತೂತು ಇದೆ. ಅವರೆಲ್ಲ ಇದ್ದದ್ದು ಒಂದೇ ಬೋಗಿಯಲ್ಲಿ, ಒಂದೇ ಗದ್ದಲದಲ್ಲಿ, ಒಂದೇ ಭಯದಲ್ಲಿ. ಒಬ್ಬರಿಗೆ ಕೇಳದಿರಲು ಇದ್ದ ಕಾರಣವೇ ಎಲ್ಲರಿಗೂ ಇದ್ದಿರಬಹುದು. ಹಾಗಾಗಿ ಆ ದೊಡ್ಡ ಸಂಖ್ಯೆಯನ್ನು ಹಾಗೇ ತೆಗೆದುಕೊಳ್ಳುವಂತಿಲ್ಲ. ಆದರೂ ತಕ್ಕಡಿ ಯಾವ ಕಡೆ ವಾಲುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಎಲ್ಲರಿಗೂ ಕೇಳಲೆಂದೇ ಕೂಗುವ ಮಾತು ಅದು.

ಪೊಲೀಸರ ಕಡೆಯ ಹೇಳಿಕೆಗಳಿಗೆ ಈ ಸ್ವತಂತ್ರತೆ ಇನ್ನೂ ಕಡಿಮೆ. ಗುಂಡು ಹಾರಿಸಿದವರು ಮತ್ತು ಜೊತೆಯವರು ತಮ್ಮ ಟಿಪ್ಪಣಿಗಳನ್ನು ಬರೆದದ್ದು ಮರುದಿನ, ಒಟ್ಟಿಗೆ ಕೂತು. ಆಗಿನ ಪದ್ಧತಿಯೇ ಹಾಗಿತ್ತು. ಒಟ್ಟಿಗೆ ಕೂತರೆ ಏನಾಗುತ್ತದೆ ಎಂಬುದನ್ನು ಸ್ಕಾಟ್ಲೆಂಡಿನ ಆಬರ್ಡೀನ್‌ನಲ್ಲಿ ನಡೆದ, 2003ರಲ್ಲಿ ಪ್ರಕಟವಾದ ಒಂದು ಪ್ರಯೋಗ ಚೆನ್ನಾಗಿ ತೋರಿಸುತ್ತದೆ. ಒಂದು ಹುಡುಗಿ ಖಾಲಿ ಕಚೇರಿಗೆ ಪುಸ್ತಕ ಹಿಂತಿರುಗಿಸಲು ಬರುವ ವಿಡಿಯೊ. ಜೋಡಿಯಲ್ಲಿ ಒಬ್ಬರಿಗೆ ಒಂದು ಕೋನ, ಇನ್ನೊಬ್ಬರಿಗೆ ಬೇರೆ ಕೋನ. ಅವಳು ಪರ್ಸಿನಿಂದ ದುಡ್ಡು ಎಗರಿಸುವುದು ಒಂದು ಕೋನದಲ್ಲಿ ಮಾತ್ರ ಕಾಣುತ್ತದೆ. ಇಬ್ಬರೂ ಒಂದೇ ವಿಡಿಯೊ ನೋಡಿದ್ದೇವೆ ಎಂದುಕೊಂಡು ಮಾತಾಡಿದರು. ಆಮೇಲೆ ಬೇರೆ ಬೇರೆಯಾಗಿ ಕೇಳಿದಾಗ, ಮಾತಾಡಿದವರಲ್ಲಿ 71 ಪ್ರತಿಶತ ಮಂದಿ ತಾವು ನೋಡಿರದ, ಜೊತೆಯವರಿಂದ ಕೇಳಿದ ಒಂದಾದರೂ ವಿವರವನ್ನು ತಾವೇ ಕಂಡಂತೆ ಹೇಳಿದರು. ಕಳ್ಳತನ ಕಾಣದವರಲ್ಲಿ 60 ಪ್ರತಿಶತ ಮಂದಿ ಅವಳೇ ಕಳ್ಳಿ ಎಂದರು. ಇವರ್ಯಾರೂ ಸುಳ್ಳುಗಾರರಲ್ಲ.

ಪೊಲೀಸರಿಗೆ ಇನ್ನೊಂದು ಸಂಗತಿಯೂ ಸೇರುತ್ತದೆ. ಕೂಗಿ ಎಚ್ಚರಿಸುವುದು ಅವರ ತರಬೇತಿಯಲ್ಲೇ ಇದೆ. ಮತ್ತೆ ಮತ್ತೆ ಮಾಡಿದ ಕೆಲಸವನ್ನು ಈ ಸಲವೂ ಮಾಡಿದೆ ಎಂದು ನೆನಪು ಹೇಳುವುದು ತೀರಾ ಸಾಮಾನ್ಯ. ಬೀಗ ಹಾಕಿದೆವೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸ್ ಬರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಧಿಕಾರಿ ಸುಳ್ಳು ಹೇಳಿದರು ಎಂದು ಸಾಬೀತು ಮಾಡದೆಯೂ ಅವರ ಆ ಒಂದು ಮಾತನ್ನು ಬದಿಗಿಡಬಹುದು.

ವಿಚಾರಣೆ ನಡೆದದ್ದು ಓವಲ್ ಕ್ರಿಕೆಟ್ ಮೈದಾನದ ಒಂದು ಸಭಾಂಗಣದಲ್ಲಿ, ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗೆ. ಕರೋನರ್, ಅಂದರೆ ಅಸಹಜ ಸಾವಿನ ವಿಚಾರಣೆ ನಡೆಸುವ ಅಧಿಕಾರಿ, ಸರ್ ಮೈಕಲ್ ರೈಟ್ ಜ್ಯೂರಿಗೆ ಒಟ್ಟು ತೀರ್ಪಿನ ಜೊತೆಗೆ ಬಿಡಿ ಬಿಡಿ ಪ್ರಶ್ನೆಗಳ ಒಂದು ಪಟ್ಟಿ ಕೊಟ್ಟರು. ಪ್ರತಿಯೊಂದಕ್ಕೂ ಮೂರು ಉತ್ತರ ಸಾಧ್ಯ: ಹೌದು, ಇಲ್ಲ, ನಿರ್ಧರಿಸಲಾಗದು. ಈ ಪ್ರಕರಣದಲ್ಲಿ ನನಗೆ ಬಹಳ ಹಿಡಿಸಿದ್ದು ಈ ಪಟ್ಟಿಯೇ. ಯಾರ ಪರ ಎಂದು ಅದು ಕೇಳುವುದಿಲ್ಲ.

ಸಿ12 "ಆರ್ಮ್‌ಡ್ ಪೊಲೀಸ್" ಎಂದು ಕೂಗಿದರೇ? ಇಲ್ಲ ಎಂದಿತು ಜ್ಯೂರಿ. ಪೊಲೀಸ್ ಹಿಡಿಯುವ ಮೊದಲು ಮೆನೆಜೆಸ್ ಸೀಟಿನಿಂದ ಎದ್ದನೇ? ಹೌದು. ಸಿ12 ಕಡೆಗೆ ಸರಿದನೇ? ಇಲ್ಲ. ನೋಡಿ, ಅಧಿಕಾರಿ ಒಂದೇ ಉಸಿರಿನಲ್ಲಿ ಹೇಳಿದ್ದನ್ನು ಜ್ಯೂರಿ ಮೂರು ತುಂಡು ಮಾಡಿ, ಒಂದನ್ನು ಇಟ್ಟುಕೊಂಡು ಎರಡನ್ನು ಬಿಟ್ಟಿತು. ಜುಲೈ 7ರ ಬಳಿಕದ ಒತ್ತಡ ಈ ಸಾವಿಗೆ ಕಾರಣವಾಯಿತೇ ಎಂಬ ಪ್ರಶ್ನೆಗೆ ಮಾತ್ರ ನಿರ್ಧರಿಸಲಾಗದು ಎಂದಿತು.

ನಮ್ಮ ನ್ಯಾಯಾಲಯಗಳಿಗೂ ಈ ದಾರಿ ಹೊಸದಲ್ಲ. ಒಂದು ವಿಷಯದಲ್ಲಿ ಸುಳ್ಳಾದವನು ಎಲ್ಲದರಲ್ಲೂ ಸುಳ್ಳು ಎಂಬ ಹಳೆಯ ಲ್ಯಾಟಿನ್ ಸೂತ್ರ ಭಾರತದಲ್ಲಿ ನಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟು ಹಲವು ಸಲ ಹೇಳಿದೆ. ಕಾಳು ಬೇರೆ, ಜೊಳ್ಳು ಬೇರೆ ಮಾಡುವುದು ನ್ಯಾಯಾಧೀಶರ ಕೆಲಸ ಎಂಬುದೂ ಅದೇ ಕೋರ್ಟಿನ ಮಾತು. ಸಾಕ್ಷಿಗಳ ತಲೆ ಎಣಿಸುವ ನಿಯಮವೂ ನಮ್ಮ ಕಾನೂನಿನಲ್ಲಿಲ್ಲ. ಟಿವಿ ಚರ್ಚೆಗಳಲ್ಲಿ ಮಾತ್ರ ಇದೆ.

ಸ್ಟಾಕ್‌ವೆಲ್ ಜ್ಯೂರಿ ಬೋಗಿಯ ಆಚೆಗೂ ನೋಡಿತು. ಮೆನೆಜೆಸ್ ಮನೆಯಿಂದ ಹೊರಟಾಗ ಎದುರಿನ ವ್ಯಾನಿನಲ್ಲಿದ್ದ ಕಾವಲಿನವನು ಮೂತ್ರಕ್ಕೆ ಹೋಗಬೇಕಾಗಿ ಬಂದು ವಿಡಿಯೊ ತೆಗೆಯಲಿಲ್ಲ. ಹಿಂಬಾಲಿಸಿದವರಿಗೆ ಇವನೇ ಆ ಬಾಂಬರ್ ಎಂದು ಖಚಿತವಿರಲಿಲ್ಲ. ಅವರ ಅಭಿಪ್ರಾಯ ಆದೇಶ ಕೊಡುವವರಿಗೆ ಸರಿಯಾಗಿ ತಲುಪಲಿಲ್ಲ, ಸಾವಿಗೆ ಅದೂ ಒಂದು ಕಾರಣ ಎಂದಿತು ಜ್ಯೂರಿ. ಬ್ರಿಕ್ಸ್‌ಟನ್ ನಿಲ್ದಾಣ ಮುಚ್ಚಿತ್ತೆಂದು ಬಸ್ಸಿನಿಂದ ಇಳಿದವನು ಮತ್ತೆ ಅದೇ ಬಸ್ಸು ಹತ್ತಿದ್ದು ಕೂಡ ಬೆನ್ನಟ್ಟಿದವರ ಕಣ್ಣಿಗೆ ಅನುಮಾನದ ನಡೆಯಾಗಿ ಕಂಡಿತ್ತು.

ಕಾನೂನುಬದ್ಧವಲ್ಲದ ಕೊಲೆ ಎನ್ನುವ ಆಯ್ಕೆಯನ್ನು ಕರೋನರ್ ಜ್ಯೂರಿಗೆ ಕೊಟ್ಟಿರಲಿಲ್ಲ. ಉಳಿದದ್ದು ಕಾನೂನುಬದ್ಧ ಕೊಲೆ, ಇಲ್ಲವೇ ಮುಕ್ತ ತೀರ್ಪು, ಅಂದರೆ ಇದು ಎಂಥ ಸಾವು ಎಂದು ತೀರ್ಮಾನಿಸಲಾಗದು ಎನ್ನುವುದು. 2008ರ ಡಿಸೆಂಬರ್ 12ರಂದು ಎಂಟಕ್ಕೆ ಎರಡು ಮತದಿಂದ ಮುಕ್ತ ತೀರ್ಪು ಬಂತು. ಅದಕ್ಕೆ ಹಿಂದಿನ ವರ್ಷವೇ ಲಂಡನ್ ಪೊಲೀಸ್ ಇಲಾಖೆಗೆ ಸಾರ್ವಜನಿಕರ ಸುರಕ್ಷತೆ ಕಾಪಾಡದ ಅಪರಾಧಕ್ಕಾಗಿ 1,75,000 ಪೌಂಡ್ ದಂಡ ಬಿದ್ದಿತ್ತು. ಯಾವ ಅಧಿಕಾರಿಯ ಮೇಲೂ ವೈಯಕ್ತಿಕವಾಗಿ ಮೊಕದ್ದಮೆ ಹೂಡಲಿಲ್ಲ. ಕುಟುಂಬ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋಯಿತು, 2016ರಲ್ಲಿ ಅಲ್ಲೂ ಸೋತಿತು. ಗುಂಡು ಹಾರಿಸಿದ ಪೊಲೀಸರು ಒಟ್ಟಿಗೆ ಕೂತು ಹೇಳಿಕೆ ಬರೆಯುವ ಪದ್ಧತಿ ಮಾತ್ರ ವಿಚಾರಣೆ ನಡೆದ ವರ್ಷವೇ ಬದಲಾಯಿತು.