ಅಪ್‌ಡೇಟ್ ಆದ ಮೇಲೆ ಪ್ರಿಂಟರ್ ಕೆಟ್ಟಿತಾ?

2014ರ ಅಕ್ಟೋಬರ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಜೊತೆ ಒಂದು ಹೊಸ ಡ್ರೈವರ್, ಅಂದರೆ ಸಾಧನವನ್ನು ನಡೆಸುವ ತಂತ್ರಾಂಶ, ಬಂತು. ಸ್ಕಾಟ್ಲೆಂಡಿನ ಎಫ್‌ಟಿಡಿಐ ಕಂಪನಿ ತನ್ನ ಯುಎಸ್‌ಬಿ-ಸೀರಿಯಲ್ ಚಿಪ್‌ಗಳಿಗಾಗಿ ಬರೆದದ್ದು. ಹಳೆಯ ಸೀರಿಯಲ್ ಪೋರ್ಟಿನ ಯಂತ್ರಗಳನ್ನು ಯುಎಸ್‌ಬಿಗೆ ಜೋಡಿಸುವ ಕೇಬಲ್‌ಗಳಲ್ಲಿ ಈ ಚಿಪ್ ಇರುತ್ತದೆ. ಅದರ ನಕಲಿಗಳೂ ಮಾರುಕಟ್ಟೆಯಲ್ಲಿ ಬೇಕಾದಷ್ಟು ಇದ್ದವು. ಹೊಸ ಡ್ರೈವರ್ ನಕಲಿ ಚಿಪ್ ಕಂಡ ಕೂಡಲೇ ಅದರೊಳಗಿನ ಗುರುತಿನ ನಂಬರನ್ನು 0000 ಎಂದು ತಿದ್ದಿಬಿಡುತ್ತಿತ್ತು. ಹಿಂದಿನ ದಿನ ಸರಿಯಾಗಿದ್ದ ಕೇಬಲ್ ಇದ್ದಕ್ಕಿದ್ದಂತೆ ನಿಂತುಹೋಯಿತು. ತಾವು ಕೊಂಡದ್ದು ನಕಲಿ ಅಂತಲೇ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ನಕಲಿ ಮಾಡಿದವರನ್ನು ಬಿಟ್ಟು ಕೊಂಡವರಿಗೆ ಶಿಕ್ಷೆ ಕೊಟ್ಟದ್ದು ಖಂಡಿತ ತಪ್ಪು. ದೊಡ್ಡ ಗಲಾಟೆಯಾಗಿ ಆ ಡ್ರೈವರನ್ನು ವಾಪಸ್ ತೆಗೆದುಕೊಂಡರು. ನಂಬರನ್ನು ಮತ್ತೆ ಮೊದಲಿನಂತೆ ಬರೆದುಕೊಂಡವರ ಕೇಬಲ್‌ಗಳು ಮತ್ತೆ ಕೆಲಸ ಮಾಡಿದವು!

ಅಂದರೆ ಆ ಚಿಪ್‌ನಲ್ಲಿ ಏನೂ ಸುಟ್ಟಿರಲಿಲ್ಲ. ಅದು ಯಾರು ಅನ್ನುವುದು ಕಂಪ್ಯೂಟರಿಗೆ ತಿಳಿಯದೆ ಹೋಗಿತ್ತು, ಅಷ್ಟೇ. ಅಪ್‌ಡೇಟ್ ಆದ ಮರುದಿನ ನಿಂತುಹೋಗುವ ಪ್ರಿಂಟರ್, ವೈಫೈ, ಸ್ಕ್ಯಾನರ್‌ಗಳ ಕಥೆಯೂ ಬಹಳಷ್ಟು ಸಲ ಇದೇ.

ಯಾವುದೇ ಯುಎಸ್‌ಬಿ ಸಾಧನವನ್ನು ಸಿಕ್ಕಿಸಿದ ತಕ್ಷಣ ಅದು ಎರಡು ನಂಬರ್ ಹೇಳುತ್ತದೆ. ಒಂದು ತಯಾರಕರದು, ಇನ್ನೊಂದು ಮಾಡೆಲ್‌ನದು. ಕಂಪ್ಯೂಟರಿನ ಒಳಗಿನ ಕಾರ್ಡ್‌ಗಳಿಗೂ ಹೀಗೇ ನಂಬರ್ ಇರುತ್ತದೆ. ಇಂಟೆಲ್ ಅಲ್ಲಿ ತನಗಾಗಿ ಇಟ್ಟುಕೊಂಡ ನಂಬರ್ 8086. ಅದು 1978ರಲ್ಲಿ ಬಂದ ಅದರ ಹೆಸರಾಂತ ಚಿಪ್‌ನ ನಂಬರೇ! ಈ ನಂಬರ್ ನೋಡಿಕೊಂಡು ಸಿಸ್ಟಮ್ ತಕ್ಕ ಡ್ರೈವರನ್ನು ಹುಡುಕುತ್ತದೆ. ಸಾಧನದ ಭಾಷೆಯನ್ನು ಸಿಸ್ಟಮ್‌ಗೆ, ಸಿಸ್ಟಮ್‌ನ ಭಾಷೆಯನ್ನು ಸಾಧನಕ್ಕೆ ಹೇಳುವ ದುಭಾಷಿ ಈ ಡ್ರೈವರ್.

ಕಷ್ಟ ಇರುವುದು ಇಲ್ಲೇ. ಬಹಳಷ್ಟು ಡ್ರೈವರ್‌ಗಳು ಸಿಸ್ಟಮ್‌ನ ತೀರಾ ಒಳಗೆ, ಅದರ ತಿರುಳಾದ ಕರ್ನಲ್ ಜೊತೆ ಸೇರಿ ಕೆಲಸ ಮಾಡುತ್ತವೆ. ಕರ್ನಲ್ ಬದಲಾದರೆ ಅವೂ ಬದಲಾಗಬೇಕು. 32 ಬಿಟ್ ವಿಂಡೋಸ್‌ಗೆ ಬರೆದ ಕರ್ನಲ್ ಡ್ರೈವರ್ 64 ಬಿಟ್ ವಿಂಡೋಸ್‌ನಲ್ಲಿ ಓಡುವುದೇ ಇಲ್ಲ. ಕಂಪನಿ ಹೊಸದನ್ನು ಬರೆದುಕೊಡದಿದ್ದರೆ ಗಟ್ಟಿಮುಟ್ಟಾದ ಸ್ಕ್ಯಾನರ್ ಕೂಡ ಸುಮ್ನೆ ಮೂಲೆ ಸೇರುತ್ತದೆ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ. ಪ್ಲಾಸ್ಟಿಕ್, ತಾಮ್ರ, ಗಾಜು ಎಲ್ಲ ಸರಿಯಿದ್ದೂ ಕಸವಾಗುತ್ತದೆ, ಅಲ್ವಾ?

ಹಾಗಾದರೆ ಮೊದಲು ಏನು ಮಾಡಬೇಕು? ರೀಸ್ಟಾರ್ಟ್. ‘ಆಫ್ ಮಾಡಿ ಆನ್ ಮಾಡಿದ್ದೆನಲ್ಲ’ ಅಂತ ಅನ್ನಬಹುದು. ಆದರೆ ಎರಡೂ ಒಂದೇ ಅಲ್ಲ. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡು ಇದೆ. ಅದು ಆನ್ ಇದ್ದಾಗ ಶಟ್‌ಡೌನ್ ಮಾಡಿದರೆ ಕರ್ನಲ್ ಮತ್ತು ಡ್ರೈವರ್‌ಗಳ ಸ್ಥಿತಿ ಡಿಸ್ಕಿನಲ್ಲಿ ಉಳಿದಿರುತ್ತದೆ. ಮರುದಿನ ಅದೇ ಸ್ಥಿತಿ, ಅದೇ ತೊಂದರೆಯ ಸಮೇತ, ವಾಪಸ್ ಬರುತ್ತದೆ. ರೀಸ್ಟಾರ್ಟ್ ಒತ್ತಿದರೆ ಮಾತ್ರ ಎಲ್ಲ ಹೊಸದಾಗಿ ಶುರುವಾಗುತ್ತದೆ.

ಅದರಿಂದಲೂ ಆಗದಿದ್ದರೆ ವಿಂಡೋಸ್‌ನಲ್ಲಿ ಎಲ್ಲ ಸಾಧನಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್ ತೆರೆಯಿರಿ. ಹಳದಿ ಗುರುತು ಇರುವ ಸಾಧನದ ಪ್ರಾಪರ್ಟೀಸ್‌ನಲ್ಲಿ ಒಂದು ಕೋಡ್ ಕಾಣುತ್ತದೆ. 28 ಅಂದರೆ ಡ್ರೈವರೇ ಇಲ್ಲ. 52 ಅಂದರೆ ಡ್ರೈವರ್ ಇದೆ, ಅದರ ಡಿಜಿಟಲ್ ಸಹಿಯನ್ನು ವಿಂಡೋಸ್ ಒಪ್ಪುತ್ತಿಲ್ಲ. 10 ಅಂದರೆ ಸಾಧನ ಶುರುವಾಗುತ್ತಿಲ್ಲ. ಇದಕ್ಕೆ ಕಾರಣ ಹಲವು. ಅಪ್‌ಡೇಟ್ ಹೊಸ ಡ್ರೈವರ್ ತಂದಿದ್ದರೆ ಅಲ್ಲೇ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ ಹಳೆಯದಕ್ಕೆ ಮರಳಬಹುದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ. ಗಾಬರಿಯಲ್ಲಿ ನಾಲ್ಕು ಕೆಲಸ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದೇ ಇಲ್ಲ. ಡ್ರೈವರ್ ಬೇಕಾದರೆ ತಯಾರಕರ ಜಾಲತಾಣಕ್ಕೇ ಹೋಗಿ. ‘ಎಲ್ಲ ಡ್ರೈವರ್ ಒಂದೇ ಕ್ಲಿಕ್ಕಿನಲ್ಲಿ’ ಎನ್ನುವ ಗುರುತುಪರಿಚಯವಿಲ್ಲದ ತಂತ್ರಾಂಶಗಳಿಗೆ ಸಿಸ್ಟಮ್‌ನ ಒಳಮನೆಯ ಬೀಗದ ಕೈ ಕೊಡಬೇಡಿ.

ಇಷ್ಟೆಲ್ಲ ಆದರೂ ಸಂದೇಹ ಉಳಿದರೆ ಒಂದು ಪರೀಕ್ಷೆ ಇದೆ, ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು. ಪೆನ್‌ಡ್ರೈವ್‌ನಲ್ಲಿ ವಿಂಡೋಸ್ ಬದಲು ಬಳಸಬಹುದಾದ, ಉಬುಂಟುವಿನಂಥ ಲಿನಕ್ಸ್ ಸಿಸ್ಟಮ್ ಹಾಕಿ, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಕಂಪ್ಯೂಟರ್ ಶುರು ಮಾಡಿ. ಹಾರ್ಡ್‌ಡಿಸ್ಕಿನಲ್ಲಿರುವ ವಿಂಡೋಸ್ ಹಾಗೇ ಇರುತ್ತದೆ. ಅಲ್ಲಿ ವೈಫೈ ಸಿಕ್ಕರೆ, ಕ್ಯಾಮೆರಾದಲ್ಲಿ ಮುಖ ಕಂಡರೆ, ಯಂತ್ರ ಚೆನ್ನಾಗಿದೆ, ತೊಂದರೆ ಸಾಫ್ಟ್‌ವೇರ್‌ನದು ಎಂದು ಧೈರ್ಯವಾಗಿ ಹೇಳಬಹುದು. ಸಿಗದಿದ್ದರೆ ಮಾತ್ರ ಪೂರ್ತಿ ತೀರ್ಮಾನ ಆಗುವುದಿಲ್ಲ. ಕೆಲವು ಸಾಧನಗಳಿಗೆ ಲಿನಕ್ಸ್‌ನಲ್ಲೂ ಡ್ರೈವರ್ ಇರುವುದಿಲ್ಲ. ಆದರೆ ಕಂಪನಿಯೇ ಕೈಬಿಟ್ಟ ಹಳೆಯ ಸ್ಕ್ಯಾನರ್ ನಿಮ್ಮ ಬಳಿ ಇದ್ದರೆ ಅದನ್ನೂ ಇಲ್ಲಿ ಸಿಕ್ಕಿಸಿ ನೋಡಿ. ಲಿನಕ್ಸ್‌ನ ‘ಸೇನ್’ ಯೋಜನೆಯವರು ಅಂಥ ಎಷ್ಟೋ ಹಳೆಯ ಮಾಡೆಲ್‌ಗಳಿಗೆ ತಾವೇ ಡ್ರೈವರ್ ಬರೆದಿಟ್ಟಿದ್ದಾರೆ. ಯಾವ ಮಾಡೆಲ್ ನಡೆಯುತ್ತದೆ ಅನ್ನುವ ಪಟ್ಟಿ ಅವರ ಜಾಲತಾಣದಲ್ಲಿದೆ. ಹೊಸ ಸ್ಕ್ಯಾನರ್‌ಗೆ ದುಡ್ಡು ಕೊಡುವ ಮುಂಚೆ ಅದರಲ್ಲಿ ನಿಮ್ಮದನ್ನು ಹುಡುಕಿ.