ಮಾಹಿತಿ ಯುಗ: ಯಾವ ಅಳತೆಯಲ್ಲಿ, ಯಾರ ಪಾಲಿಗೆ, ಯಾವಾಗಿನಿಂದ?

ಇತಿಹಾಸ, ಸಮಾಜಶಾಸ್ತ್ರ, ಪತ್ರಿಕೋದ್ಯಮ, ಪರೀಕ್ಷೆಯ ಯಾವ ಪೇಪರ್ ತೆಗೆದುಕೊಂಡರೂ 'ಮಾಹಿತಿ ಯುಗ ಎಂದರೇನು?' ಅನ್ನುವ ಪ್ರಶ್ನೆ ಸುತ್ತಿ ಬಳಸಿ ಬಂದೇ ಬರುತ್ತದೆ. ನಮ್ಮಲ್ಲಿ ಹೆಚ್ಚಿನವರು ಬರೆಯುವ ಉತ್ತರವೂ ಒಂದೇ. ಕಂಪ್ಯೂಟರ್ ಬಂತು, ಇಂಟರ್ನೆಟ್ ಬಂತು, ಮೊಬೈಲ್ ಬಂತು, ಹಾಗಾಗಿ ಇದು ಮಾಹಿತಿ ಯುಗ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇದು ಸಾಮಾನಿನ ಪಟ್ಟಿ, ವಿವರಣೆಯಲ್ಲ. ಒಂದು ಕಾಲಕ್ಕೆ 'ಯುಗ' ಅಂತ ಹೆಸರಿಟ್ಟ ಮೇಲೆ ಮೂರು ಪ್ರಶ್ನೆಗೆ ಉತ್ತರ ಇರಬೇಕು: ಯಾವ ಅಳತೆಯಲ್ಲಿ? ಯಾರ ಪಾಲಿಗೆ? ಯಾವಾಗಿನಿಂದ? ಮಡಿಕೇರಿಯಲ್ಲಿ ಕೂತು ಬರೆಯುತ್ತಿರುವುದರಿಂದ ಉದಾಹರಣೆಗಳು ಜಾಸ್ತಿ ಕೊಡಗಿನವೇ.

ಮೊದಲು, ಕಾಲವನ್ನು ಭಾಗ ಮಾಡುವುದು ಹೇಗೆ

ನಮಗೆ ಚೆನ್ನಾಗಿ ಗೊತ್ತಿರುವ ಕನ್ನಡ ಸಾಹಿತ್ಯ ಚರಿತ್ರೆಯನ್ನೇ ನೋಡಿ. ಒಂದು ಪುಸ್ತಕದಲ್ಲಿ ಹಳಗನ್ನಡ, ನಡುಗನ್ನಡ, ಹೊಸಗನ್ನಡ. ಇಲ್ಲಿ ಅಳತೆ ಭಾಷೆಯ ರೂಪ. ಇನ್ನೊಂದರಲ್ಲಿ ಜೈನ ಯುಗ, ವೀರಶೈವ ಯುಗ, ಬ್ರಾಹ್ಮಣ ಯುಗ. ಅಳತೆ ಕವಿಗಳ ಮತ. ಮತ್ತೊಂದರಲ್ಲಿ ಪಂಪಯುಗ, ಬಸವಯುಗ, ಕುಮಾರವ್ಯಾಸ ಯುಗ. ಅಳತೆ ದೊಡ್ಡ ಕವಿ. ಸಾಹಿತ್ಯ ಅದೇ, ಗೆರೆ ಬೇರೆ. ಮತದ ಲೆಕ್ಕ ಹಿಡಿದರೆ ಹೊಸಗನ್ನಡಕ್ಕೆ ಬರುವಷ್ಟರಲ್ಲಿ ಅಳತೆ ಕೈಕೊಡುತ್ತದೆ. ನವೋದಯ, ನವ್ಯ, ಬಂಡಾಯವನ್ನು ಯಾವ ಮತದ ಕೆಳಗೆ ಹಾಕುತ್ತೀರಿ? ಒಂದು ಕಾಲಕ್ಕೆ ಸರಿಹೋದ ಅಳತೆ ಮುಂದಿನ ಕಾಲಕ್ಕೆ ಸರಿಹೋಗಲೇಬೇಕು ಅಂತಿಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ಶಿಲಾಯುಗ, ಕಂಚಿನ ಯುಗ, ಕಬ್ಬಿಣದ ಯುಗ. ಇದು ಹುಟ್ಟಿದ್ದು ದೊಡ್ಡ ತತ್ವದಿಂದ ಅಲ್ಲ, ವಸ್ತುಗಳನ್ನು ಜೋಡಿಸಿಡುವ ತಲೆನೋವಿನಿಂದ. 1816ರಲ್ಲಿ ಕೋಪನ್‌ಹೇಗನ್‌ನ ಪುರಾತನ ವಸ್ತುಗಳ ಸಂಗ್ರಹವನ್ನು ನೋಡಿಕೊಳ್ಳುವ ಕೆಲಸ ಕ್ರಿಶ್ಚಿಯನ್ ಥಾಮ್ಸನ್ ಎಂಬವರಿಗೆ ಬಂತು. ಕಲ್ಲಿನ ಕೊಡಲಿ, ಕಂಚಿನ ಕತ್ತಿ, ಕಬ್ಬಿಣದ ಚೂರು ಎಲ್ಲ ರಾಶಿ ಬಿದ್ದಿದ್ದವು. ಯಾವುದರ ಮೇಲೂ ತಾರೀಖಿಲ್ಲ. ಆಯುಧ ಯಾವುದರಿಂದ ಮಾಡಿದ್ದು, ಯಾವ ಯಾವ ವಸ್ತು ಒಂದೇ ಗೋರಿಯಲ್ಲಿ ಜೊತೆಯಾಗಿ ಸಿಕ್ಕವು ಎಂದು ನೋಡಿ ಅವರು ಮೂರು ಗುಂಪು ಮಾಡಿದರು. 1836ರಲ್ಲಿ ಅದು ಕೈಪಿಡಿಯಾಗಿ ಅಚ್ಚಾಯಿತು. 1865ರಲ್ಲಿ ಜಾನ್ ಲುಬಕ್ ಶಿಲಾಯುಗವನ್ನೇ ಹಳೆಯದು, ಹೊಸದು ಎಂದು ಎರಡು ಮಾಡಿದರು.

ಡೆನ್ಮಾರ್ಕಿನ ಗೆರೆಯನ್ನು ನಮ್ಮಲ್ಲಿಗೆ ತಂದರೆ ಏನಾಗುತ್ತದೆ? ದಕ್ಷಿಣ ಭಾರತದಲ್ಲಿ ಬೇರೆಯಾಗಿ ನಿಲ್ಲುವ ಕಂಚಿನ ಯುಗವೇ ಇಲ್ಲ. ಹೊಸ ಶಿಲಾಯುಗದ ಜನ ಒಂದಿಷ್ಟು ತಾಮ್ರ ಬಳಸಿದರು, ಆಮೇಲೆ ಕಬ್ಬಿಣಕ್ಕೇ ಬಂದರು. ಪರೀಕ್ಷೆಯಲ್ಲಿ ಇಲ್ಲೇ ಒಂದು ಹಳ್ಳ ಕಾದಿರುತ್ತದೆ. ಸೋಮವಾರಪೇಟೆ ಕಡೆಯ ದೊಡ್ಡಮಳ್ತೆಯಲ್ಲಿ ಮೋರಿಬೆಟ್ಟ ಇದೆ. ದೊಡ್ಡ ದೊಡ್ಡ ಕಲ್ಲು ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಗೋರಿಗಳು. ಊರವರ ಬಾಯಲ್ಲಿ ಇಂಥವು ಪಾಂಡವರ ಮನೆ. 'ಬೃಹತ್ ಶಿಲಾ ಸಮಾಧಿ' ಅಂತ ಓದಿದ ಕೂಡಲೇ ಕೈ ಸುಮ್ನೆ 'ಶಿಲಾಯುಗ' ಅಂತ ಬರೆದುಬಿಡುತ್ತದೆ. ಆದರೆ ದಕ್ಷಿಣ ಭಾರತದ ಇಂಥ ಗೋರಿಗಳು ಬಹುಪಾಲು ಕಬ್ಬಿಣದ ಯುಗಕ್ಕೆ ಸೇರಿದವು. ಥಾಮ್ಸನ್ ನೋಡಿದ್ದು ಆಯುಧವನ್ನು, ಗೋರಿಯ ಕಲ್ಲನ್ನಲ್ಲ. ಕಣ್ಣಿಗೆ ಎದ್ದು ಕಾಣುವ ವಸ್ತುವೇ ಯುಗದ ಅಳತೆಯಾಗಬೇಕಿಲ್ಲ. ಮಾಹಿತಿ ಯುಗಕ್ಕೂ ಇದು ಹಾಗೇ ಅನ್ವಯಿಸುತ್ತದೆ: ಎಲ್ಲರ ಕೈಯಲ್ಲೂ ಮೊಬೈಲ್ ಕಂಡ ಮಾತ್ರಕ್ಕೆ ಯುಗ ಬದಲಾಯಿತು ಅಂತಲ್ಲ.

ಬ್ರಿಟಿಷ್ ಇತಿಹಾಸಕಾರ ಜೇಮ್ಸ್ ಮಿಲ್ 1817ರಲ್ಲಿ ಭಾರತದ ಇತಿಹಾಸವನ್ನು ಹಿಂದೂ, ಮುಸ್ಲಿಂ, ಬ್ರಿಟಿಷ್ ಎಂದು ಮೂರು ಮಾಡಿದ್ದು ಗೊತ್ತಲ್ವಾ? ಮೊದಲೆರಡಕ್ಕೆ ಅರಸರ ಮತ ಅಳತೆ, ಮೂರನೆಯದಕ್ಕೆ ಮಾತ್ರ ದೇಶ. ನಡುವೆಯೇ ಅಳತೆ ಬದಲಾಯಿಸಿದ ವಿಂಗಡಣೆ ಇದು, ಮಾಡಿದ ಹಾನಿಯೂ ಕಡಿಮೆಯಲ್ಲ. ಕೊಡಗಿಗಂತೂ ಇದು ಹೊಂದುವುದೇ ಇಲ್ಲ. ಹೈದರ್–ಟಿಪ್ಪು ಕಾಲದ ಕೆಲವು ವರ್ಷ ಬಿಟ್ಟರೆ 1834ರವರೆಗೆ ಇಲ್ಲಿ ಹಾಲೇರಿ ಅರಸರ ಆಳ್ವಿಕೆ. ನಮ್ಮ ಹಿರಿಯರು ಹೇಳುವ ರಾಜರ ಕಾಲ, ಬ್ರಿಟಿಷರ ಕಾಲ ಅನ್ನುವ ಲೆಕ್ಕ ಇದಕ್ಕಿಂತ ಎಷ್ಟೋ ವಾಸಿ. ಅದರಲ್ಲಿ 'ಸಿ' ರಾಜ್ಯದ ಕಾಲವೂ ಒಂದಿದೆ, ಅಂದರೆ ಸ್ವಾತಂತ್ರ್ಯ ಬಂದ ಮೇಲೆ ಕೊಡಗು 'ಸಿ' ದರ್ಜೆಯ ಬೇರೆ ರಾಜ್ಯವಾಗಿದ್ದ ಕಾಲ. ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾಗಿದ್ದದ್ದು ಆಗ. 1956ರ ನವೆಂಬರ್ 1ಕ್ಕೆ ಅದು ಮುಗಿಯಿತು. ಕರ್ನಾಟಕದ ಬೇರೆ ಜಿಲ್ಲೆಯವರ ಕಾಲಪಟ್ಟಿಯಲ್ಲಿ ಹೀಗೊಂದು ಕಾಲವೇ ಇರುವುದಿಲ್ಲ.

ಇದನ್ನೆಲ್ಲ ತೀರ್ಮಾನ ಮಾಡಲು ಒಂದು ಸಮಿತಿ ಇಲ್ವಾ ಅಂತ ಕೇಳಬಹುದು. ಭೂವಿಜ್ಞಾನಿಗಳಿಗೆ ಇದೆ. ಅವರು ಮತ ಹಾಕುತ್ತಾರೆ. ಈಗ ನಡೆಯುತ್ತಿರುವ, ಸುಮಾರು 4,200 ವರ್ಷ ಹಿಂದೆ ಶುರುವಾದ ಕಾಲಾವಧಿಗೆ 2018ರಲ್ಲಿ 'ಮೇಘಾಲಯನ್' ಎಂದು ಹೆಸರಿಟ್ಟರು. ಗುರುತು ಸಿಕ್ಕಿದ್ದು ಮೇಘಾಲಯದ ಒಂದು ಗುಹೆಯ ಸುಣ್ಣದ ಕಂಬದಲ್ಲಿ. 'ಆಂತ್ರಪೋಸೀನ್', ಅಂದರೆ ಮನುಷ್ಯನೇ ಭೂಮಿಯನ್ನು ಬದಲಿಸಿದ ಯುಗ ಅನ್ನುವ ಪ್ರಸ್ತಾಪ 2024ರಲ್ಲಿ ಬಿದ್ದುಹೋಯಿತು. ಇತಿಹಾಸಕಾರರಿಗೆ ಇಂಥ ಸಮಿತಿಯೂ ಇಲ್ಲ, ಮತವೂ ಇಲ್ಲ. ಹೆಸರು ಜನರ ಬಾಯಲ್ಲಿ ನಿಂತರೆ ಉಳಿಯುತ್ತದೆ.

ಮಾಹಿತಿ ಯುಗಕ್ಕೆ ಅಳತೆ ಏನು?

ಫ್ರಾಂಕ್ ವೆಬ್‌ಸ್ಟರ್ ಎಂಬ ಸಮಾಜಶಾಸ್ತ್ರಜ್ಞ ಚಾಲ್ತಿಯಲ್ಲಿದ್ದ ವ್ಯಾಖ್ಯಾನಗಳನ್ನು ಐದು ಅಳತೆಗಳಾಗಿ ವಿಂಗಡಿಸಿದ್ದಾರೆ: ತಂತ್ರಜ್ಞಾನ, ಆರ್ಥಿಕತೆ, ಉದ್ಯೋಗ, ಜಾಗ ಅಥವಾ ಜಾಲ, ಸಂಸ್ಕೃತಿ. ಐದನ್ನೂ ಬಾಯಿಪಾಠ ಮಾಡಿ. ಆದರೆ ಐದಕ್ಕೂ ಒಂದೇ ತೂಕ ಕೊಡಬೇಡಿ.

ತಂತ್ರಜ್ಞಾನದ ಅಳತೆಯಲ್ಲಿ ವರ್ಷಗಳು ಸುಲಭವಾಗಿ ಸಿಗುತ್ತವೆ. 1947ರ ಡಿಸೆಂಬರಿನಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಟ್ರಾನ್ಸಿಸ್ಟರ್. 1948ರಲ್ಲಿ ಕ್ಲಾಡ್ ಶಾನನ್ ಮಾಹಿತಿಯನ್ನು 'ಬಿಟ್' (0 ಅಥವಾ 1) ಲೆಕ್ಕದಲ್ಲಿ ಅಳೆಯಬಹುದು ಎಂದು ತೋರಿಸಿದ್ದು. 1969ರಲ್ಲಿ ಇಂಟರ್ನೆಟ್ಟಿನ ಪೂರ್ವರೂಪವಾದ ಅರ್ಪಾನೆಟ್. 1971ರಲ್ಲಿ ಇಂಟೆಲ್‌ನ ಮೊದಲ ಮೈಕ್ರೊಪ್ರೊಸೆಸರ್. 1995ರ ಆಗಸ್ಟ್ 15ಕ್ಕೆ ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್. ಇವುಗಳಲ್ಲಿ ಯುಗದ ಬಾಗಿಲು ಯಾವುದು? ಇಷ್ಟು ಯಂತ್ರ ಸೇರಿದರೆ ಹೊಸ ಯುಗ ಅಂತ ಯಾವ ಗೆರೆಯೂ ಇಲ್ಲ. ಈ ಅಳತೆಯ ದೌರ್ಬಲ್ಯ ಅದೇ.

ಇದ್ದುದರಲ್ಲಿ ಗಟ್ಟಿಯಾದ ಒಂದು ಲೆಕ್ಕ ಮಾರ್ಟಿನ್ ಹಿಲ್ಬರ್ಟ್ ಮತ್ತು ಪ್ರಿಸಿಲಾ ಲೋಪೆಸ್ 2011ರಲ್ಲಿ ಕೊಟ್ಟದ್ದು. ಜಗತ್ತಿನಲ್ಲಿ ಕೂಡಿಟ್ಟ ಮಾಹಿತಿಯಲ್ಲಿ 1986ರಲ್ಲಿ ಡಿಜಿಟಲ್ ಪಾಲು ಶೇ. 1ಕ್ಕೂ ಕಡಿಮೆ. 2002ರಲ್ಲಿ ಅದು ಅರ್ಧ ದಾಟಿತು. 2007ಕ್ಕೆ ಶೇ. 94. ಬರೀ 21 ವರ್ಷ! ಉತ್ತರದಲ್ಲಿ ಒಂದೇ ಒಂದು ಅಂಕಿ ಬರೆಯಲು ಜಾಗವಿದ್ದರೆ ಇದನ್ನು ಬರೆಯಿರಿ.

ಆರ್ಥಿಕ ಅಳತೆ ಹಿಡಿದವರು ಕೇಳಿದ ಪ್ರಶ್ನೆ ಬೇರೆ: ದೇಶದ ಆದಾಯದಲ್ಲಿ ಎಷ್ಟು ಪಾಲು ಮಾಹಿತಿಯನ್ನು ಹುಟ್ಟಿಸುವ, ಹಂಚುವ ಕೆಲಸದಿಂದ ಬರುತ್ತಿದೆ? ಫ್ರಿಟ್ಜ್ ಮ್ಯಾಕ್‌ಲಪ್ 1962ರಲ್ಲಿ ಅಮೆರಿಕದ ಲೆಕ್ಕ ಮಾಡಿ 1958ಕ್ಕೆ ಸುಮಾರು ಶೇ. 29 ಅಂದರು. ಮಾರ್ಕ್ ಪೊರಾಟ್ 1977ರಲ್ಲಿ ಇನ್ನೂ ಅಗಲವಾದ ಲೆಕ್ಕ ಹಾಕಿ 1967ಕ್ಕೆ ಶೇ. 46 ಅಂದರು. ಬ್ಯಾಂಕಿನ ಗುಮಾಸ್ತ, ಮೇಷ್ಟ್ರು, ಕಂಪನಿಯ ಮ್ಯಾನೇಜರ್ ಎಲ್ಲರನ್ನೂ ಒಳಗೆ ಸೇರಿಸಿಕೊಂಡರೆ ಶೇಕಡಾವಾರು ಏರದೆ ಇನ್ನೇನಾಗುತ್ತದೆ ಅನ್ನುವ ಟೀಕೆಯೂ ಇದೆ. ಉದ್ಯೋಗದ ಅಳತೆ ಸಮಾಜಶಾಸ್ತ್ರಜ್ಞ ಡೇನಿಯಲ್ ಬೆಲ್ ಅವರದು, 1973. ಗದ್ದೆ, ಕಾರ್ಖಾನೆಗಿಂತ ಕಚೇರಿಯಲ್ಲಿ ದುಡಿಯುವವರೇ ಹೆಚ್ಚಾದರೆ ಸಮಾಜ ಬದಲಾಯಿತು ಅಂತ ಲೆಕ್ಕ. ಅಮೆರಿಕದಲ್ಲಿ ಕಾರ್ಖಾನೆ ಕೆಲಸದವರನ್ನು ಕಚೇರಿ ಕೆಲಸದವರು ಮೀರಿದ್ದು 1956ರಲ್ಲಿ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೂ ಅದೇ. ಆಗ ಇಲ್ಲಿ ಮಾಹಿತಿ ಯುಗ ಶುರುವಾಗಿತ್ತು ಅಂದರೆ ಯಾರಾದರೂ ನಗುತ್ತಾರೆ.

ಯಾರ ಪಾಲಿಗೆ ಅನ್ನುವ ಪ್ರಶ್ನೆ ಬರುವುದು ಇಲ್ಲಿಯೇ. ಇವತ್ತಿನ ಭಾರತವನ್ನೇ ನೋಡಿ. ಆದಾಯದ ಲೆಕ್ಕ ಹಿಡಿದರೆ ಅರ್ಧಕ್ಕಿಂತ ಜಾಸ್ತಿ ಸೇವಾ ವಲಯದ್ದು. ದುಡಿಯುವವರ ಲೆಕ್ಕ ಹಿಡಿದರೆ ಹೆಚ್ಚುಕಡಿಮೆ ಶೇ. 45 ಜನ ಇನ್ನೂ ಬೇಸಾಯದಲ್ಲಿದ್ದಾರೆ. ದೇಶ ಒಂದೇ, ಅಳತೆ ಬದಲಾದರೆ ಯುಗವೂ ಬದಲಾಗುತ್ತದೆ.

ಕಾಫಿ ಕಣದಲ್ಲಿ ಯಾವ ಯುಗ?

ಕೊಯ್ಲಿನ ಹೊತ್ತಿಗೆ ಯಾವುದಾದರೂ ತೋಟದ ಕಣಕ್ಕೆ ಹೋಗಿ ನೋಡಿ. ಹಣ್ಣು ಕೊಯ್ಯುವುದು ಈಗಲೂ ಕೈಯಲ್ಲೇ. ಪಕ್ಕದಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಕರೆಂಟಿನಲ್ಲಿ ಓಡುತ್ತದೆ. ಬೆಳೆಗಾರರ ಕಣ್ಣು ಮಾತ್ರ ಮೊಬೈಲಿನ ಮೇಲೆ. ರೊಬಸ್ಟಾಕ್ಕೆ ಲಂಡನ್ ಮಾರುಕಟ್ಟೆ, ಅರೇಬಿಕಾಕ್ಕೆ ನ್ಯೂಯಾರ್ಕ್. ರಾತ್ರಿ ಅಲ್ಲಿ ಏನಾಯಿತು ಅಂತ ಬೆಳಿಗ್ಗೆ ವಾಟ್ಸಾಪ್ ಗುಂಪಿನಲ್ಲಿ ಬಂದಿರುತ್ತದೆ. ಅದರ ಕೆಳಗೆ ಗೋಣಿಕೊಪ್ಪದ ವ್ಯಾಪಾರಿಯ ರೇಟು, 50 ಕೆ.ಜಿ. ಚೆರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಮೂಟೆಗೆ ಇಷ್ಟು ಅಂತ. ಇವತ್ತು ಕೊಡಬೇಕಾ, ನಾಳೆವರೆಗೆ ಇಟ್ಟುಕೊಳ್ಳಬೇಕಾ ಅನ್ನುವುದು ತೀರ್ಮಾನವಾಗುವುದು ಅಲ್ಲಿ.

ಇದೇ ಕಣದಲ್ಲಿ 1980ರ ದಶಕದಲ್ಲಿ ಈ ಮಾತಿಗೇ ಜಾಗವಿರಲಿಲ್ಲ. 1942ರ ಕಾಫಿ ಕಾಯ್ದೆಯಡಿ ಬೆಳೆದ ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ, ಅಂದರೆ ಎಲ್ಲರ ಬೆಳೆ ಒಟ್ಟು ಸೇರಿಸುವ ಸಂಗ್ರಹಕ್ಕೆ, ಒಪ್ಪಿಸಬೇಕಿತ್ತು. ಮಾರುವುದು ಮಂಡಳಿಯ ಕೆಲಸ, ಹಣ ಕಂತು ಕಂತಾಗಿ ಬರುತ್ತಿತ್ತು. 1990ರ ದಶಕದಲ್ಲಿ ಈ ಕಟ್ಟು ಹಂತ ಹಂತವಾಗಿ ಸಡಿಲವಾಗಿ, 1996ರ ಹೊತ್ತಿಗೆ ಬೆಳೆಗಾರರಿಗೆ ಪೂರ್ತಿ ಸ್ವಾತಂತ್ರ್ಯ ಸಿಕ್ಕಿತು. ಲಂಡನ್ ದರ ಮೊದಲೂ ಇತ್ತು. ಅದನ್ನು ತಿಳಿದು ಬೆಳೆಗಾರರು ಮಾಡುವಂಥದ್ದು ಮಾತ್ರ ಏನೂ ಇರಲಿಲ್ಲ. ಗಮನಿಸಿ, ಇಲ್ಲಿ ಮೊದಲು ಬದಲಾದದ್ದು ಕಾನೂನು. ಮೊಬೈಲ್ ಬಂದದ್ದು ಆಮೇಲೆ. ಬರೀ ತಂತ್ರಜ್ಞಾನದ ಪಟ್ಟಿಯಲ್ಲಿ ಇದು ಕಾಣುವುದೇ ಇಲ್ಲ.

ಇನ್ನೊಂದು ವಿಷಯ. ಹಳೆಯ ತೋಟಗಳಲ್ಲಿ ಮಳೆ ಲೆಕ್ಕದ ಪುಸ್ತಕ ಇರುತ್ತದೆ. ಪ್ರತಿದಿನ ಬೆಳಿಗ್ಗೆ ಮಳೆಮಾಪಕ ನೋಡಿ ಇಷ್ಟು ಇಂಚು, ಇಷ್ಟು ಸೆಂಟು (ಇಂಚಿನ ನೂರನೇ ಒಂದು ಪಾಲು) ಅಂತ ಬರೆದಿಟ್ಟದ್ದು, ತಲೆಮಾರುಗಳಷ್ಟು. ಕಾಫಿ ಹೂ ಅರಳಿಸುವ ಹೂಮಳೆ ಯಾವ ತಾರೀಖಿಗೆ ಬಿತ್ತು ಎಂಬುದೂ ಅದರಲ್ಲಿದೆ. ಅಪ್ಪಟ ಮಾಹಿತಿ. ಹಾಗಂತ ಆ ಕಾಲ ಮಾಹಿತಿ ಯುಗ ಆಗಲಿಲ್ಲ. ಯಾವ ಕಾಲದಲ್ಲೂ ಮಾಹಿತಿ ಇದ್ದೇ ಇತ್ತು. ನನ್ನ ಮಟ್ಟಿಗೆ ವ್ಯಾಖ್ಯಾನ ಇಷ್ಟು: ದುಡಿಮೆ, ಆದಾಯ, ಅಧಿಕಾರ ಮೂರೂ ಮಾಹಿತಿಯನ್ನು ಕೂಡಿಡುವ, ಸಂಸ್ಕರಿಸುವ, ಸಾಗಿಸುವ ಕೆಲಸದ ಮೇಲೆ ನಿಂತಾಗ ಅದು ಮಾಹಿತಿ ಯುಗ. ಸಮಾಜಶಾಸ್ತ್ರಜ್ಞ ಮ್ಯಾನುಯೆಲ್ ಕ್ಯಾಸ್ಟೆಲ್ಸ್ 1996ರಿಂದ 1998ರ ನಡುವೆ ಬರೆದ ಮೂರು ಸಂಪುಟಗಳ ವಾದವೂ ಇದರ ಹತ್ತಿರ ಇದೆ. ಅವರು 'ಜಾಲ ಸಮಾಜ' ಅನ್ನುತ್ತಾರೆ. ಜಾಲದ ಒಳಗಿರುವವರು, ಹೊರಗುಳಿದವರು ಎಂಬ ಭೇದ ಅವರಿಗೆ ಮುಖ್ಯ. ಜೋರು ಮಳೆಗೆ ಕರೆಂಟ್ ಹೋಗಿ, ಅದರ ಹಿಂದೆಯೇ ಟವರೂ ಸತ್ತುಹೋಗುವ ಊರುಗಳಲ್ಲಿ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಅಧಿಕಾರದ ಮಾತಿಗೆ ಪಹಣಿ, ಅಂದರೆ ಜಮೀನಿನ ಹಕ್ಕು ದಾಖಲೆ, ಒಳ್ಳೆಯ ಉದಾಹರಣೆ. 'ಭೂಮಿ' ಯೋಜನೆಯಲ್ಲಿ ಕರ್ನಾಟಕದ ಸುಮಾರು 2 ಕೋಟಿ ಪಹಣಿಗಳು 2000ದ ಆಸುಪಾಸಿನಲ್ಲಿ ಕಂಪ್ಯೂಟರಿಗೆ ಹೋದವು. ಶುಲ್ಕ ಆಗ 15 ರೂಪಾಯಿ. ಆದರೆ ಕೊಡಗಿನ ಜಮ್ಮಾ ಜಮೀನಿನ, ಅಂದರೆ ವಂಶಪಾರಂಪರ್ಯವಾಗಿ ಕುಟುಂಬಕ್ಕೆ ಬಂದ ಜಮೀನಿನ, ದಾಖಲೆ ಇಡೀ ಕುಟುಂಬದ ಪರವಾಗಿ ಅದರ ಮುಖ್ಯಸ್ಥರಾದ ಪಟ್ಟೇದಾರರ ಹೆಸರಿನಲ್ಲಿ ಇರುತ್ತಿತ್ತು. ಕಂಪ್ಯೂಟರ್ ಕೇಳುವುದು ಈ ಜಮೀನು ಯಾರದ್ದು, ಎಷ್ಟು ಎಕರೆ, ಎಷ್ಟು ಸೆಂಟು ಅಂತ. ತೀರಿಹೋದ ಪಟ್ಟೇದಾರರ ಹೆಸರು ಹೊತ್ತ ಪಹಣಿ ಹಿಡಿದು ಬ್ಯಾಂಕ್ ಸಾಲಕ್ಕೆ ಹೋದವರಿಗೆ ಇದರ ಬಿಸಿ ಗೊತ್ತು. ದಾಖಲೆಯ ನಮೂನೆಗೆ ಹೊಂದದ ಹಕ್ಕು ಹಕ್ಕಾಗಿ ಉಳಿಯಲು ಹೆಣಗಾಡಬೇಕಾಗುತ್ತದೆ.

ಯಾವಾಗಿನಿಂದ?

1970ರ ದಶಕ ಅನ್ನುವುದು ಪಠ್ಯಪುಸ್ತಕದ ಉತ್ತರ. ಬರೆಯಿರಿ, ಅಂಕ ಸಿಗುತ್ತದೆ. ಜೊತೆಗೆ ಜೇಮ್ಸ್ ಬೆನಿಗರ್ 1986ರಲ್ಲಿ ಎತ್ತಿದ ಆಕ್ಷೇಪವನ್ನೂ ಸೇರಿಸಿ. ಅವರ ಪ್ರಕಾರ ಬೇರು 19ನೇ ಶತಮಾನದಲ್ಲಿದೆ. ಉಗಿ ಯಂತ್ರದಿಂದ ರೈಲು, ಕಾರ್ಖಾನೆ ಎಲ್ಲ ಎಷ್ಟು ವೇಗ ಪಡೆದವೆಂದರೆ, ಅವುಗಳನ್ನು ಹಿಡಿತದಲ್ಲಿಡುವುದೇ ಕಷ್ಟವಾಯಿತು. ರೈಲು ರೈಲಿಗೆ ಗುದ್ದಿತು, ಸರಕು ಎಲ್ಲಿದೆ ಅಂತ ತಿಳಿಯದೆ ಹೋಯಿತು. ಅದಕ್ಕೆ ಉತ್ತರವಾಗಿ ಬಂದವು ಟೆಲಿಗ್ರಾಫ್, ವೇಳಾಪಟ್ಟಿ, ದೊಡ್ಡ ಕಚೇರಿ, ಅಮೆರಿಕದ 1890ರ ಜನಗಣತಿಗೆ ಬಳಸಿದ, ಯಂತ್ರ ಎಣಿಸಬಲ್ಲ ರಂಧ್ರದ ಕಾರ್ಡು. ಕಂಪ್ಯೂಟರ್ ಆ ಸಾಲಿನಲ್ಲಿ ಕೊನೆಗೆ ಬಂದದ್ದು. ನನಗೆ ಈ ವಾದ ಹೆಚ್ಚು ಹಿಡಿಸುತ್ತದೆ. 1980ರಲ್ಲಿ ಆಲ್ವಿನ್ ಟಾಫ್ಲರ್ ಹೇಳಿದ ಕೃಷಿ, ಕೈಗಾರಿಕೆ, ಆಮೇಲೆ ಮೂರನೇ ಅಲೆ ಅನ್ನುವ ಲೆಕ್ಕ ನೆನಪಿಡಲು ಸುಲಭ, ಆದರೆ ತೀರಾ ಅಚ್ಚುಕಟ್ಟು. ಕಾಫಿ ಕಣದಲ್ಲಿ ಮೂರು ಅಲೆಯೂ ಒಟ್ಟಿಗೇ ಇವೆ.

ಈಚೆಗೆ 'ಮಾಹಿತಿ ಯುಗ ಮುಗಿಯಿತು, ಇದು ಎಐ ಯುಗ' ಅಂತ ಎಲ್ಲೆಲ್ಲೂ ಕೇಳುತ್ತದೆ. ಮೂರು ಪ್ರಶ್ನೆಯಲ್ಲಿ ಮೊದಲನೆಯದನ್ನು ಇಲ್ಲೂ ಹಾಕಿ ನೋಡಿ. ಅಳತೆ ಬದಲಾಗಿದೆಯಾ? ಎಐ ಮಾಡುವುದೂ ಮಾಹಿತಿಯನ್ನು ಸಂಸ್ಕರಿಸುವ ಕೆಲಸವನ್ನೇ, ಮನುಷ್ಯನ ಕೈಯಿಂದ ಇನ್ನಷ್ಟು ತೆಗೆದುಕೊಂಡು. ಅಳತೆ ಅದೇ ಆದರೆ ಹೊಸ ಯುಗ ಅನ್ನಲು ಆಗುವುದಿಲ್ಲ. ಲುಬಕ್ ಶಿಲಾಯುಗಕ್ಕೆ ಮಾಡಿದಂತೆ ಒಳಗೇ ಒಂದು ಗೆರೆ ಎಳೆದು ಹಳೆಯ ಮಾಹಿತಿ ಯುಗ, ಹೊಸ ಮಾಹಿತಿ ಯುಗ ಅನ್ನಬಹುದು ಅಷ್ಟೇ. ಆ ಗೆರೆಯನ್ನು ಚಾಟ್‌ಜಿಪಿಟಿ ಬಂದ 2022ಕ್ಕೆ ಎಳೆಯಬೇಕಾ, ಅದಕ್ಕೂ ಹಿಂದಕ್ಕಾ ಅನ್ನುವುದನ್ನು, ಥಾಮ್ಸನ್ ಹಾಗೆ, ದೂರದಲ್ಲಿ ನಿಂತು ವಸ್ತು ಜೋಡಿಸುವವರಿಗೆ ಬಿಡುವುದು ವಾಸಿ.